ಟ್ರ್ಯಾಕ್ಟರ್ ಸೀಜ್ ಆಗಿದ್ದು ನಿಮ್ಮ ಬುದ್ಧಿವಂತಿಕೆಗೆ ಸರ್ಟಿಫಿಕೇಟ್ ಅಲ್ಲ ಸಾರ್

ಪ್ರಶ್ನೆ: ಮೇಡಂ, ನಾನು ಮಂಡ್ಯ ತಾಲ್ಲೂಕಿನವನು, ಸಹಕಾರ ಸಂಘದಲ್ಲಿ ಸೆಕ್ರೆಟರಿಯಾಗಿದ್ದು ರಿಟೈರ್ ಆಗಿದೀನಿ, ವಿಸಿ (ವಿಶ್ವೇಶ್ವರಯ್ಯ) ನಾಲೆ ಕೆಳಗೆ ಎರಡೆಕರೆ ಗದ್ದೆ ಇದೆ. ಜೀವನದ ದೊಡ್ಡ ತೀರ್ಮಾನಗಳನ್ನೆಲ್ಲ ಯೋಚ್ನೆ ಮಾಡಿ ತಗೊಂಡಿದೀನಿ ಅನ್ನೋ ಸಮಾಧಾನ ನನಗಿದೆ. 1989ರಲ್ಲಿ ಬೆಂಗಳೂರಲ್ಲಿ ಕಂಪನಿ ಕೆಲಸ ಸಿಕ್ಕಿದ್ರೂ ಹೋಗ್ಲಿಲ್ಲ. 2001ರಲ್ಲಿ ನನ್ನ ತಮ್ಮ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕು ಅಂತ ಕೇಳ್ದಾಗ ಹಾಕ್ಲಿಲ್ಲ, ಎರಡೇ ವರ್ಷಕ್ಕೆ ಆ ಟ್ರ್ಯಾಕ್ಟರ್ ಸೀಜ್ ಆಯ್ತು. ನೆಂಟರೆಲ್ಲ ಬೇಡ ಅಂದ್ರೂ ಮಗಳನ್ನ ಮೈಸೂರಲ್ಲಿ ಹಾಸ್ಟೆಲ್ಲಿಗೆ ಹಾಕಿ ಇಂಜಿನಿಯರಿಂಗ್ ಓದಿಸ್ದೆ. ಇದನ್ನೆಲ್ಲ ಸೇರಿಸಿ 'ಸರಿಯಾದ ನಿರ್ಧಾರ, ಸುಖೀ ಜೀವನ' ಅಂತ ಪುಸ್ತಕ ಮಾಡೋಣ ಅಂತ 40 ಪುಟ ಬರ್ದಿದೀನಿ, ಜೊತೆಗೆ ಕಳಿಸಿದೀನಿ. ಮಗಳು ಓದಿ 'ಅಪ್ಪಾ, ಬರೀ ಉಪದೇಶ ಇದು' ಅಂದುಬಿಟ್ಲು. ಎಲ್ಲಿ ಎಡವ್ತಿದೀನಿ? ತಮ್ಮನ ವಿಷಯ ಬರೀಬಹುದಾ? ಪ್ರಿಂಟ್ ಮಾಡ್ಸೋಕೆ ಏನೇನು ಬೇಕು?

ಉತ್ತರ: ಸಾರ್, 40 ಪುಟಾನೂ ಓದ್ದೆ. ಮಗಳು ಹೇಳಿದ್ದು ಮುಕ್ಕಾಲು ಭಾಗ ನಿಜ. ಮೊದಲ 26 ಪುಟ ಉಪದೇಶಾನೇ. ಆತುರದಲ್ಲಿ ನಿರ್ಧಾರ ತಗೋಬಾರದು, ಹಿರಿಯರ ಮಾತು ಕೇಳಬೇಕು, ಸಾಲ ಶೂಲ ಅಂತೆಲ್ಲ ಬರ್ದಿದೀರಲ್ಲ, ಇದು ಓದೋರಿಗೆ ಮೊದಲೇ ಗೊತ್ತು, ಗೊತ್ತಿದ್ದೂ ಸಾಲ ಮಾಡ್ತಾರೆ, ಗೊತ್ತಿದ್ದೂ ಆತುರ ಪಡ್ತಾರೆ, ತಾಪತ್ರಯ ಇರೋದೇ ಅಲ್ಲಿ. ಆದ್ರೆ 27ನೇ ಪುಟದಲ್ಲಿ ಒಂದು ಸಾಲು ಬರುತ್ತೆ: "ತಮ್ಮ ಬಂದು ಜಗಲಿ ಮೇಲೆ ಕೂತ, ಚಪ್ಪಲಿ ಬಿಡ್ಲಿಲ್ಲ." ಒಳಗೆ ಬಂದು ಊಟಕ್ಕೆ ಕೂರೋ ಮನಸ್ಸಲ್ಲಿ ಅವನು ಬಂದಿಲ್ಲ, ಅಣ್ಣ ಏನು ಹೇಳ್ತಾನೆ ಅಂತ ಅರ್ಧ ಗೊತ್ತಿದ್ದೇ ಬಂದಿದಾನೆ ಅನ್ನೋದು ಅಷ್ಟ್ರಲ್ಲೇ ಗೊತ್ತಾಗುತ್ತೆ. ಇಂಥ ಸಾಲು ಬರೆಯೋಕೆ ಬರೋರಿಗೆ ಪುಸ್ತಕಾನೂ ಬರೆಯೋಕೆ ಬರುತ್ತೆ. ತಕ್ಷಣ ಮುಂದಿನ ಸಾಲಲ್ಲೇ ನೀವು "ರಕ್ತಸಂಬಂಧಕ್ಕಿಂತ ವಿವೇಕ ದೊಡ್ಡದು" ಅಂತ ಬರ್ದು ಪಾಪ ಅವನನ್ನ ಎಬ್ಬಿಸಿ ಕಳಿಸಿಬಿಟ್ಟಿದೀರಿ.

ನಾನು ಮೈಸೂರಲ್ಲಿ ಕೂತು ಇಂಥ ಪುಸ್ತಕಗಳ ಕರಡು ತಿದ್ದೋಳು. ರಿಟೈರ್ ಆದ ಮೇಷ್ಟ್ರುಗಳು, ರೇಷ್ಮೆ ಇಲಾಖೆಯವರು, ಬ್ಯಾಂಕ್ ಮ್ಯಾನೇಜರ್‌ಗಳು, ಹೋಟ್ಲು ನಡೆಸಿದೋರು ಎಲ್ಲಾ ಬರ್ತಾರೆ, ಹೆಚ್ಚುಕಮ್ಮಿ ಎಲ್ಲರೂ ಮೊದಲು ತರೋದು ನೀತಿವಾಕ್ಯಾನೇ. ಅವರ ತಪ್ಪೂ ಅಲ್ಲ, ನಮ್ಮ ಭಾಷೇಲಿ ಬುದ್ಧಿಮಾತು ರೆಡಿಯಾಗಿ ಸಿಗುತ್ತೆ, ಬರಿಯೋಕೆ ಅಂತ ಕೂತ ತಕ್ಷಣ ಅದೇ ಮೊದಲು ಕೈಗೆ ಬರುತ್ತೆ. ಆದ್ರೆ ಒಂದು ನೋಡಿ, ತಾಳಿದವನು ಬಾಳಿಯಾನು ಅನ್ನೋದೂ ಗಾದೇನೇ, ಗಾಳಿ ಬಂದಾಗ ತೂರಿಕೋ ಅನ್ನೋದೂ ಗಾದೇನೇ. ಬೆಂಗಳೂರು ಕೆಲಸ ಬಿಟ್ಟಾಗ ನೀವು ಮೊದಲನೇದು ಹಿಡ್ಕೊಂಡ್ರಿ, ಮಗಳನ್ನ ಓದಿಸೋವಾಗ ಎರಡನೇದು. ಯಾವತ್ತು ಯಾವ ಗಾದೆ ಹಿಡೀಬೇಕು ಅಂತ ಯಾವ ಗಾದೇನೂ ಹೇಳಲ್ಲ. ನೀವು ಆ ದಿನ ಅದನ್ನ ಹೇಗೆ ಗೊತ್ತು ಮಾಡ್ಕೊಂಡ್ರಿ ಅನ್ನೋದು ಇಡೀ ಪ್ರಪಂಚದಲ್ಲಿ ನಿಮ್ಮೊಬ್ಬರಿಗೇ ಗೊತ್ತಿರೋದು, ಪುಸ್ತಕಕ್ಕೆ ಬೇಕಾಗಿರೋದೂ ಅದೇ, ಉಳಿದಿದ್ದು ಕ್ಯಾಲೆಂಡರ್ ಹಾಳೆ ಮೇಲೂ ಸಿಗುತ್ತೆ.

ಈಗ ಟ್ರ್ಯಾಕ್ಟರ್ ವಿಷಯಕ್ಕೆ ಬರೋಣ, ಯಾಕಂದ್ರೆ ನಿಮ್ಮ ಪುಸ್ತಕದ ದೊಡ್ಡ ತೊಡಕು ಅಲ್ಲೇ ಇದೆ, ಸ್ವಲ್ಪ ಖಾರವಾಗೇ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ. ನೀವು ಬರ್ದಿರೋ ಪ್ರಕಾರ ಜಾಮೀನು ಹಾಕ್ದೇ ಇದ್ದಿದ್ದು ಸರಿ, ಯಾಕೆ ಸರಿ ಅಂದ್ರೆ ಟ್ರ್ಯಾಕ್ಟರ್ ಸೀಜ್ ಆಯ್ತು. ಆದ್ರೆ ಸೀಜ್ ಯಾಕಾಯ್ತು? 2001ರಿಂದ ಮೂರು ವರ್ಷ ಸಾಲಾಗಿ ಬರ. 2002ರಲ್ಲಿ ಕಾವೇರಿ ಗಲಾಟೆ, ಕನ್ನಂಬಾಡೀಲಿ (ಕೆಆರ್‌ಎಸ್ ಕಟ್ಟೇಲಿ) ನೀರಿಲ್ಲ, ಅಕ್ಟೋಬರಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ಬೆಂಗಳೂರಿಂದ ಮಂಡ್ಯಕ್ಕೆ ಪಾದಯಾತ್ರೆ ಬಂದ್ರಲ್ಲ, ಅದೇ ಕಾಲ. ನಾಲೇಲಿ ನೀರಿಲ್ಲ ಅಂದ್ಮೇಲೆ ಗದ್ದೆ ಉಳೋರು ಯಾರು, ಕಬ್ಬು ಸಾಗಿಸೋರು ಯಾರು, ಬಾಡಿಗೆ ಎಲ್ಲಿಂದ ಬರುತ್ತೆ, ಕಂತು ಎಲ್ಲಿಂದ ಕಟ್ತಾನೆ? ಈಗ ನನ್ನ ಪ್ರಶ್ನೆ. 2001ರಲ್ಲಿ ಜಗಲಿ ಮೇಲೆ ಕೂತಿದ್ದಾಗ ಇನ್ನು ಮೂರು ವರ್ಷ ಬರ ಬರುತ್ತೆ ಅಂತ ನಿಮಗೆ ಗೊತ್ತಿತ್ತಾ? ಇರ್ಲಿಲ್ಲ. ತಮ್ಮನಿಗೂ ಇರ್ಲಿಲ್ಲ. ಮಳೆ ಚೆನ್ನಾಗಾಗಿ ಕಟ್ಟೆ ತುಂಬಿ ಅವನು ಎರಡು ವರ್ಷದಲ್ಲಿ ಸಾಲ ತೀರಿಸಿ ಇನ್ನೊಂದು ಟ್ರೇಲರ್ ತಗೊಂಡಿದ್ರೆ, ನಿಮ್ಮ ಅದೇ ತೀರ್ಮಾನ ಈಗ ಕೆಟ್ಟ ತೀರ್ಮಾನ ಆಗಿಬಿಡ್ತಿತ್ತಾ?

ಆಗಲ್ಲ ಅಲ್ವಾ. ಜಾಮೀನು ಹಾಕೋದು ಸರೀನಾ ತಪ್ಪಾ ಅನ್ನೋದು ಆ ದಿನ ನಿಮ್ಮ ಕೈಲಿದ್ದ ವಿಷಯದ ಮೇಲೆ ನಿಂತಿರೋದು, ಮೋಡದ ಮೇಲಲ್ಲ. ಒಳ್ಳೇ ತೀರ್ಮಾನ ತಗೊಂಡೂ ಕೈ ಸುಟ್ಕೊಂಡೋರಿದಾರೆ, ಕಣ್ಮುಚ್ಚಿ ಹಾರಿ ಅದೃಷ್ಟದಲ್ಲಿ ಬಚಾವಾದೋರೂ ಇದಾರೆ, ಎರಡನೇಯವರೇ ಜಾಸ್ತಿ ಪುಸ್ತಕ ಬರೆಯೋದು ಅನ್ನೋದು ಬೇರೆ ಮಾತು.

ನಮ್ಮ ಮಂಡ್ಯ ಮೈಸೂರಿನವರಿಗೆ ಇದಕ್ಕೆ ಕನ್ನಂಬಾಡಿ ಕಟ್ಟೇನೇ ಉದಾಹರಣೆ. 1911ರಲ್ಲಿ ಕೆಲಸ ಶುರುವಾದಾಗ ಮದ್ರಾಸಿನವರ ತಕರಾರಿನಿಂದ ಮೈಸೂರಿಗೆ ಸಿಕ್ಕ ಅನುಮತಿ 11 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ) ನೀರು ನಿಲ್ಲಿಸೋಕೆ ಮಾತ್ರ, ಮೈಸೂರಿನವರು ಕೇಳಿದ್ದಿದ್ದು 41.5. ಸಿಕ್ಕ ಅನುಮತಿಗೆ ತಕ್ಕಂತೆ ಕಟ್ಟದೆ, ಮುಂದೆ ಎತ್ತರಿಸೋ ಹಾಗೆ ದೊಡ್ಡ ಕಟ್ಟೆ ಲೆಕ್ಕಕ್ಕೇ ಅಡಿಪಾಯ ಹಾಕಿದ್ರು. ಜಗಳ ಆಯ್ತು, ಪಂಚಾಯ್ತಿ ಆಯ್ತು, ಕೊನೆಗೆ ಒಪ್ಪಂದ ಆಗಿದ್ದು 1924ರಲ್ಲಿ. ಇವತ್ತು ನಾವೆಲ್ಲ ಆಹಾ ಎಂಥ ದೂರದೃಷ್ಟಿ ಅಂತೀವಿ, ನಮ್ಮ ಗದ್ದೆಗೆ ನೀರು ಬಂತಲ್ಲ. ಆ ಒಪ್ಪಂದ ಆಗ್ದೇ ಹೋಗಿದ್ರೆ ಅದೇ ಅಡಿಪಾಯನ ದುಂದುವೆಚ್ಚ ಅಂತ ಬೈಕೊಂಡು ಓಡಾಡ್ತಿದ್ವಿ. ಅಡಿಪಾಯ ಹಾಕಿದ ದಿನದ ಲೆಕ್ಕಾಚಾರ ಎರಡೂ ಸಲ ಒಂದೇ. ಹಾಗಾಗಿ 1924 ಏನು ತಂತು ಅನ್ನೋದನ್ನ ಪಕ್ಕಕ್ಕಿಟ್ಟು 1911ರಲ್ಲಿ ಏನು ಗೊತ್ತಿತ್ತು ಅಂತ ಕೇಳೋನು ತೀರ್ಮಾನದ ಬಗ್ಗೆ ಬರೀತಿದಾನೆ, ಉಳಿದೋರು ಫಲಿತಾಂಶದ ಬಗ್ಗೆ ಬರೀತಿದಾರೆ.

ಮತ್ತೆ, ನೆನಪನ್ನ ಪೂರ್ತಿ ನಂಬ್ಬೇಡಿ. ನಿಮ್ಮ ನೆನಪು ಕೆಟ್ಟಿದೆ ಅಂತಲ್ಲ, ಎಲ್ಲರದ್ದೂ ಹಾಗೇ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ, ರಷ್ಯಾಕ್ಕೆ ಹೋಗೋ ಮುಂಚೆ ಇಸ್ರೇಲಿನಲ್ಲಿ ಬರೂಕ್ ಫಿಶಾಫ್ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತೆ ಅವರ ಜೊತೆಗಾರ್ತಿ ವಿದ್ಯಾರ್ಥಿಗಳನ್ನ ಕೇಳಿದ್ರು, ಈ ಭೇಟೀಲಿ ಇಂತಿಂಥದ್ದು ಆಗೋ ಸಾಧ್ಯತೆ ಎಷ್ಟು ಪರ್ಸೆಂಟು ಅಂತ. ಭೇಟಿ ಮುಗಿದ್ಮೇಲೆ ಅದೇ ಹುಡುಗರನ್ನ, ಆಗ ನೀವು ಎಷ್ಟು ಪರ್ಸೆಂಟ್ ಅಂತ ಬರ್ದಿದ್ರಿ ನೆನಪು ಮಾಡ್ಕೊಂಡು ಹೇಳಿ ಅಂದ್ರು. ಯಾವುದು ನಿಜವಾಗಿ ಆಗಿತ್ತೋ ಅದಕ್ಕೆ ತಾವು ಮೊದಲೇ ಜಾಸ್ತಿ ಪರ್ಸೆಂಟ್ ಕೊಟ್ಟಿದ್ವಿ ಅಂತಾನೇ ಹೆಚ್ಚು ಜನ ಹೇಳಿದ್ರು. 1975ರಲ್ಲಿ ಪ್ರಕಟವಾದ ಅಧ್ಯಯನ ಇದು. ಸುಳ್ಳು ಹೇಳ್ಬೇಕು ಅಂತ ಅವರೇನೂ ಹೇಳಿದ್ದಲ್ಲ, ತಲೆ ತಾನೇ ತಾನಾಗಿ ತಿದ್ಕೊಂಡಿತ್ತು. ಕೆಲವೇ ತಿಂಗಳಲ್ಲಿ ಹಾಗಾದ್ರೆ 2001ರಿಂದ ಇಷ್ಟು ವರ್ಷದಲ್ಲಿ ಏನೇನಾಗಿರ್ಬೇಡ? "ನನಗೆ ಆವತ್ತೇ ಅನ್ನಿಸಿತ್ತು" ಅಂತ ನಿಮ್ಮ 40 ಪುಟದಲ್ಲಿ ಎಲ್ಲೆಲ್ಲಿ ಬರ್ದಿದೀರೋ ಅಲ್ಲೆಲ್ಲ ಕೆಂಪು ಪೆನ್ನಲ್ಲಿ ಗೆರೆ ಎಳೆದಿದೀನಿ, ಅದಕ್ಕೊಂದು ಕಾಗದದ ಸಾಕ್ಷಿ ಇದ್ರೆ ಮಾತ್ರ ಉಳಿಸ್ಕೊಳ್ಳಿ.

ಕಾಗದ ಅಂದ್ರೆ ನೀವು ಸೊಸೈಟಿಯವರು, ನಿಮಗೆ ನಾನು ಹೇಳಿಕೊಡ್ಬೇಕಾ. ಹಳೇ ಪಾಸ್‌ಬುಕ್ ತೆಗೀರಿ, 2001ರಲ್ಲಿ ನಿಮ್ಮ ಅಕೌಂಟಲ್ಲಿ ಎಷ್ಟಿತ್ತು ಅನ್ನೋದು ನಿಮ್ಮ ಧೈರ್ಯ ಅಧೈರ್ಯ ಎರಡನ್ನೂ ಹೇಳುತ್ತೆ. ಫ್ಯಾಕ್ಟ್ರಿಗೆ ಕಬ್ಬು ಹಾಕಿದ ರಸೀದಿ, ಬಟವಾಡೆ ಯಾವಾಗ ಬಂತು ಅನ್ನೋದು, ಒಡವೆ ಗಿರವಿ ಚೀಟಿ, ಕೈಬರಹದ ಹಳೇ ಪಹಣಿ, ಮದುವೆ ಮುಯ್ಯಿ ಪುಸ್ತಕ, ಅಪ್ಪನ ಆಸ್ಪತ್ರೆ ಚೀಟಿ. ಒಂಟಿಕೊಪ್ಪಲ್ ಪಂಚಾಂಗದ ಅಂಚಲ್ಲಿ ಹಾಲಿನ ಲೆಕ್ಕ, ಆಳಿನ ಕೂಲಿ ಬರ್ದಿಡೋ ಮನೆಗಳು ನಮ್ಮ ಕಡೆ ಸುಮಾರಿದಾವೆ, ನಿಮ್ಮನೇಲೂ ಅಟ್ಟದ ಮೇಲೆ ನಾಕು ಸಿಕ್ಕಿದ್ರೆ ಅದೇ ನಿಮ್ಮ ಡೈರಿ ಅಂತ ತಿಳ್ಕೊಳ್ಳಿ. ಒಂದೊಂದು ತೀರ್ಮಾನಕ್ಕೂ ಒಂದು ಹಾಳೆ ಇಟ್ಕೊಂಡು, ಪುಸ್ತಕಕ್ಕಲ್ಲ ನಿಮಗೋಸ್ಕರ, ಆವತ್ತು ಕೈಲಿ ದುಡ್ಡೆಷ್ಟಿತ್ತು, ಮನೇಲಿ ಯಾರ್ಯಾರಿದ್ರು, ಏನು ಗೊತ್ತಿತ್ತು, ಏನು ಗೊತ್ತಿರ್ಲಿಲ್ಲ, ಯಾವುದಕ್ಕೆ ಹೆದರಿದ್ರಿ, ಯಾರು ಬೇಡ ಅಂದ್ರು, ಇನ್ನೊಂದು ದಾರಿ ಹಿಡಿದಿದ್ರೆ ಏನು ಸಿಗ್ತಿತ್ತು ಅಂತ ಬರ್ಕೊಳ್ಳಿ. ಆಮೇಲೆ ಏನಾಯ್ತು ಅನ್ನೋದನ್ನ ಆ ಹಾಳೆ ಹಿಂಭಾಗದಲ್ಲಿ ಬರೀರಿ, ಮುಂದ್ಗಡೆ ತರಲೇಬೇಡಿ.

ಹಿಂದಿನವರೂ ಹೀಗೆ ಹಾಳೆ ಇಟ್ಕೊಂಡು ಯೋಚ್ನೆ ಮಾಡಿದಾರೆ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಅನ್ನೋ ವಿಜ್ಞಾನಿ, ಒಬ್ಬ ಲಾರ್ಡ್ ಹತ್ರ ಕೆಲಸ ಸಿಕ್ತಿದೆ ಸೇರ್ಕೊಳ್ಳಾ ಬೇಡ್ವಾ ಅಂತ ಬೆಂಜಮಿನ್ ಫ್ರಾಂಕ್ಲಿನ್‌ರನ್ನ ಕೇಳ್ದಾಗ ಅವರು, ಏನು ಮಾಡ್ಬೇಕು ಅಂತ ನಾನು ಹೇಳಕ್ಕಾಗಲ್ಲ, ಹೇಗೆ ಯೋಚ್ನೆ ಮಾಡೋದು ಅಂತ ಬೇಕಾದ್ರೆ ಹೇಳ್ತೀನಿ ಅಂದು, ಹಾಳೆ ಮಧ್ಯ ಗೆರೆ ಎಳ್ದು ಈ ಕಡೆ ಪರ ಆ ಕಡೆ ವಿರೋಧ ಬರೀತಾ ಮೂರ್ನಾಕು ದಿನ ಬಿಟ್ಟು ಸಮತೂಕದ್ದನ್ನ ಹೊಡೆದು ಹಾಕಿ ಅಂತ ಕಾಗದ ಬರೆದ್ರು. ಏನು ಅಂತ ಹೇಳ್ದೆ ಹೇಗೆ ಅಂತ ಹೇಳೋ ಈ ವರಸೆ ನಿಮ್ಮ ಪುಸ್ತಕಕ್ಕೂ ಸರಿ ಹೋಗುತ್ತೆ. ಇನ್ನು 1838ರಲ್ಲಿ ಚಾರ್ಲ್ಸ್ ಡಾರ್ವಿನ್ ಮದುವೆ ಆಗ್ಲಾ ಬೇಡ್ವಾ ಅಂತ ಎರಡು ಕಾಲಂ ಮಾಡಿ ಬರೆದ ಚೀಟಿ ಈಗ್ಲೂ ಇದೆ. ಆಗ್ಬಾರ್ದು ಅನ್ನೋ ಕಡೆ, ಪುಸ್ತಕಕ್ಕೆ ದುಡ್ಡು ಕಮ್ಮಿಯಾಗುತ್ತೆ, ಟೈಮ್ ವೇಸ್ಟು ಅಂತಿದೆ. ಆಗ್ಬೇಕು ಅನ್ನೋ ಕಡೆ, ಮುದಿವಯಸ್ಸಲ್ಲಿ ಜೊತೆಗೊಬ್ಬರು ಇರ್ತಾರೆ, ಏನೇ ಆಗ್ಲಿ ನಾಯಿಗಿಂತ ವಾಸಿ ಅಂತಿದೆ! ಮುಂದಿನ ಜನವರೀಲೇ ಮದುವೆ ಆದ್ರು. ಆ ಚೀಟೀಲಿ ವಿವೇಕಗಿವೇಕ ಏನೂ ಕಾಣಲ್ಲ, ಸ್ವಾರ್ಥ, ಭಯ, ಜುಗ್ಗತನ ಎಲ್ಲಾ ಕಾಣುತ್ತೆ, ಆದ್ರೂ ಇವತ್ತಿಗೂ ಜನ ಅದನ್ನ ಓದ್ತಾರೆ, ಯಾಕಂದ್ರೆ ಅದು ಆವತ್ತಿನದ್ದು, ಆಮೇಲೆ ಪಾಲಿಶ್ ಹೊಡೆದದ್ದಲ್ಲ.

ನಿಮ್ಮ 40 ಪುಟದಲ್ಲೇ ಅಲ್ಲಲ್ಲಿ ಚೆಲ್ಲಿರೋ ವಿವರ ಇಟ್ಕೊಂಡು ಜಾಮೀನಿನ ಪ್ಯಾರಾ ಒಂದನ್ನ ಬರೆದು ತೋರಿಸ್ತೀನಿ, ನೋಡಿ:

"ತಮ್ಮ ಬಂದು ಜಗಲಿ ಮೇಲೆ ಕೂತ, ಚಪ್ಪಲಿ ಬಿಡ್ಲಿಲ್ಲ. ಕೈಲಿ ಫೈನಾನ್ಸಿನವರ ಫಾರಂ ಇತ್ತು, ಜಾಮೀನುದಾರರ ಹೆಸರಿನ ಜಾಗ ಖಾಲಿ. ಬೆಳಗ್ಗೆ ತಾನೇ ನಾನು ಸೊಸೈಟೀಲಿ ಸುಸ್ತಿದಾರರ ಪಟ್ಟಿ ಟೈಪ್ ಮಾಡ್ಸಿ ಬಂದಿದ್ದೆ. ಇನ್ನೊಬ್ಬರ ಸಾಲಕ್ಕೆ ಸಹಿ ಹಾಕಿ ಹಸು ಮಾರಿದೋರು ಅದರಲ್ಲಿದ್ರು. ತಮ್ಮ ದುಡಿಯೋನು ಅಂತಾನೂ ಗೊತ್ತಿತ್ತು. ನಮ್ಮೂರಲ್ಲಿ ಆಗ ಇದ್ದಿದ್ದು ಎರಡೇ ಟ್ರ್ಯಾಕ್ಟರ್, ಬಾಡಿಗೆಗೆ ಜನ ವಾರಗಟ್ಟಲೆ ಕಾಯ್ತಿದ್ರು. ಲೆಕ್ಕ ನೋಡಿದ್ರೆ ಲೆಕ್ಕ ಅವನ ಕಡೇನೇ ಇತ್ತು. ನಾನು ಆಗಲ್ಲ ಅಂದೆ."

ಇಷ್ಟೇ. ಇಲ್ಲಿ ಉಪದೇಶ ಒಂದಕ್ಷರ ಇಲ್ಲ. ಆದ್ರೆ ಲೆಕ್ಕ ಅವನ ಕಡೆ ಇದ್ರೂ ಅಣ್ಣ ಯಾಕೆ ಆಗಲ್ಲ ಅಂದ ಅಂತ ಓದೋನಿಗೆ ಈಗ ತಡಿಯೋಕಾಗಲ್ಲ, ಪುಟ ತಿರುಗಿಸ್ತಾನೆ. ಮುಂದಿನ ಪುಟದಲ್ಲಿ ನೀವು ನಿಜ ಹೇಳ್ಬೇಕು. ತಮ್ಮ ಸೋತ್ರೆ ತಡ್ಕೊಳ್ಳೋ ಶಕ್ತಿ ನಿಮಗಿರ್ಲಿಲ್ಲ, ಇದ್ದಿದ್ದು ಎರಡೇ ಎಕರೆ ಅನ್ನೋದು ಕಾರಣಾನಾ? ಅಥವಾ ಅಪ್ಪ ಭಾಗ ಮಾಡಿದಾಗಿನ ಹಳೇ ಮುನಿಸು ಇತ್ತಾ? 33ನೇ ಪುಟದಲ್ಲಿ ಬಾವಿ ಭಾಗದ ಬಗ್ಗೆ ಅರ್ಧ ಸಾಲು ಬರ್ದು ಹೊಡೆದು ಹಾಕಿದೀರಿ, ಹೊಡೆದಿದ್ರೂ ಓದಕ್ಕೆ ಬರ್ತಿತ್ತು ಸಾರ್. ಎರಡೂ ಇದ್ರೆ ಎರಡನ್ನೂ ಬರೀರಿ. ನಷ್ಟ ಆದ್ರೆ ತಡ್ಕೋತೀನಾ ಅಂತ ನೋಡಿ ಬೇಡ ಅನ್ನೋದು, ಗೆಲ್ಲೋ ಸಾಧ್ಯತೆ ಜಾಸ್ತಿ ಇದ್ದಾಗ್ಲೂ, ತುಂಬಾ ಗಟ್ಟಿ ಯೋಚ್ನೆ. ಬಡವರು, ಸಣ್ಣ ಹಿಡುವಳಿಯವರು ದಿನಾ ಮಾಡೋ ಯೋಚ್ನೆ ಅದು, ಪೇಟೆಯವರು ಬರೆದ ಬುದ್ಧಿವಾದದ ಪುಸ್ತಕಗಳಲ್ಲಿ ರಿಸ್ಕ್ ತಗೊಳ್ಳಿ ರಿಸ್ಕ್ ತಗೊಳ್ಳಿ ಅಂತಿರುತ್ತಲ್ಲ ಅದಕ್ಕೆ ನಿಮ್ಮ ಈ ಒಂದು ಅಧ್ಯಾಯಾನೇ ಉತ್ತರ. ಬರಗಾಲದ ಮರೇಲಿ ನೀವೇ ಅದನ್ನ ಮುಚ್ಚಿ ಹಾಕಿದೀರಿ ಅಷ್ಟೆ.

ಬೆಂಗಳೂರು ಕೆಲಸದ ಅಧ್ಯಾಯ ನನಗೆ ಅಷ್ಟು ಮುಖ್ಯ ಅನ್ನಿಸ್ಲಿಲ್ಲ. ಆ ಕಂಪನಿ ಆಮೇಲೆ ಮುಚ್ಚೋಯ್ತು ಅಂತ ಅಲ್ಲೂ ಅದೇ ಕಥೆ. ಜೊತೆಗೆ ಆ ವರ್ಷ ತಂದೆಯವರಿಗೆ ಆಪರೇಷನ್ ಆಗಿತ್ತು, ನೋಡ್ಕೊಳ್ಳೋಕೆ ಬೇರೆ ಯಾರೂ ಇರ್ಲಿಲ್ಲ ಅಂತ ನೀವೇ ಬರ್ದಿದೀರಿ. ಹಾಗಿದ್ರೆ ಅದು ತೀರ್ಮಾನ ಅಲ್ಲ, ಬೇರೆ ದಾರಿ ಇರ್ಲಿಲ್ಲ. ಹಾಗಂತ ಎರಡು ಪುಟದಲ್ಲಿ ಹೇಳಿ ಮುಂದೆ ಹೋಗಿ. ಎಲ್ಲಾನೂ ತೀರ್ಮಾನ ಮಾಡೇ ಬದುಕಿದ್ವಿ ಅನ್ನೋ ಪುಸ್ತಕ ಓದೋರು ನಂಬಲ್ಲ, ಎಸ್ಸೆಸೆಲ್ಸಿ ಆದ್ಮೇಲೆ ಯಾವ ಕಾಲೇಜು ಅಂತ ನಮ್ಮಲ್ಲಿ ಅರ್ಧ ಜನಕ್ಕೆ ಬಸ್ ರೂಟೇ ಗೊತ್ತು ಮಾಡಿದ್ದು.

ಮಗಳ ಅಧ್ಯಾಯಕ್ಕೆ ಒಂದು ಸಲಹೆ ಇದೆ, ಸ್ವಲ್ಪ ಧೈರ್ಯ ಬೇಕು. "ನಾನು ಮಗಳನ್ನ ಇಂಜಿನಿಯರಿಂಗ್ ಓದಿಸಿದೆ" ಅಂತ ಬರ್ದಿದೀರಿ. ಸಿಇಟಿಗೆ ಓದಿದ್ದು ಅವಳು, ರ‍್ಯಾಂಕ್ ತೆಗೆದಿದ್ದು ಅವಳು, ಹಾಸ್ಟೆಲ್ಲಲ್ಲಿ ಇದ್ದಿದ್ದು ಅವಳು. ಅವಳನ್ನ ಕೂರಿಸ್ಕೊಂಡು, ಆವತ್ತು ನಿಂಗೆ ಏನು ಓದ್ಬೇಕು ಅಂತಿತ್ತಮ್ಮಾ ಅಂತ ಕೇಳಿ. ನಡುವೆ ಬಾಯಿ ಹಾಕ್ಬೇಡಿ. ಅವಳು ಬೇರೇನೋ ಓದೋಕೆ ಆಸೆ ಪಟ್ಟಿದ್ದೆ ಅಂದ್ರೆ ಆ ಅಧ್ಯಾಯ ಎರಡರಷ್ಟು ಒಳ್ಳೇದಾಗುತ್ತೆ, ಅಪ್ಪನಿಗೆ ಸ್ವಲ್ಪ ಚುಚ್ಚುತ್ತೆ ಅಷ್ಟೆ.

ಇದೇ ಕೆಲಸಾನ ಮೊದಲು ನಿಮ್ಮ ಮನೆಯವರ ಜೊತೆ ಮಾಡ್ಬೇಕಿತ್ತು. ಗಮನಿಸಿದ್ರೋ ಇಲ್ವೋ, 40 ಪುಟದಲ್ಲಿ ಅವರು ಒಂದೇ ಕಡೆ ಬರ್ತಾರೆ, ತಮ್ಮ ಬಂದಾಗ ಕಾಫಿ ತಂದಿಡೋಕೆ. ಜಾಮೀನಿಗೆ ಗದ್ದೆ ಇಡೋ ಮಾತು ನಡೀವಾಗ ಆ ಮನೆ ಹೆಂಗಸು ಬಾಗಿಲ ಹಿಂದೆ ನಿಂತು ಕೇಳ್ದೇ ಇರ್ತಾರಾ, ರಾತ್ರಿ ಏನೂ ಹೇಳ್ದೇ ಇರ್ತಾರಾ? ನಮ್ಮ ಸಂಸಾರಗಳಲ್ಲಿ ತೀರ್ಮಾನ ಜಗಲಿ ಮೇಲೆ ಹೇಳ್ತಾರೆ, ಆಗೋದು ಅಡುಗೆಮನೇಲಿ. ಫೋನಲ್ಲಿ ರೆಕಾರ್ಡಿಂಗ್ ಹಾಕಿ (ಕೇಳಿಯೇ ಹಾಕಿ, ಕದ್ದಲ್ಲ) ಅವರ ಕೈಲಿ ಅದೇ ದಿನದ ಕಥೆ ಹೇಳ್ಸಿ. ಎರಡು ಕಥೆ ಒಂದೇ ಥರ ಇರಲ್ಲ. ಎಲ್ಲಿ ಬೇರೆ ಆಗುತ್ತೋ ಅಲ್ಲಿ ತಿದ್ದಕ್ಕೆ ಹೋಗ್ಬೇಡಿ, "ಅವಳು ಹೇಳೋದೇ ಬೇರೆ" ಅಂತ ಹಾಗೇ ಅಚ್ಚು ಹಾಕ್ಸಿ. ನಾನು ತಿದ್ದಿರೋ ಪುಸ್ತಕಗಳಲ್ಲಿ ಓದೋರು ಫೋನ್ ಮಾಡಿ ಮಾತಾಡಿರೋದು ಯಾವಾಗ್ಲೂ ಇಂಥ ಪುಟಗಳ ಬಗ್ಗೇನೇ.

ಇನ್ನೊಂದು, ತಪ್ಪಿದ ತೀರ್ಮಾನ ಒಂದೂ ಇಲ್ವಲ್ಲ ಸಾರ್ ನಿಮ್ಮ ಹತ್ರ. ಒಂದಾದ್ರೂ ಹುಡುಕಿ, ಲೆಕ್ಕ ಸರಿಯಿದ್ದೂ ಕೈಕೊಟ್ಟಿದ್ದು ಒಂದು, ಲೆಕ್ಕಾನೇ ತಪ್ಪಿದ್ದು ಒಂದು, ಎರಡೂ ಬೇರೆ ಬೇರೆ ಅನ್ನೋದನ್ನ ತೋರಿಸೋಕಾದ್ರೂ. ಕಬ್ಬು ಕೂಳೆ ಬಿಡೋದಾ (ಕಡಿದ ಬುಡದಿಂದಲೇ ಮತ್ತೆ ಚಿಗುರಿಸೋದಾ) ಕಿತ್ತು ಭತ್ತ ನಾಟಿ ಹಾಕೋದಾ ಅಂತ ವರ್ಷಾವರ್ಷ ತಲೆ ಕೆಡಿಸ್ಕೊಂಡಿರೋರು ನೀವು, ನಾಲೆಗೆ ಕಟ್ಟು ನೀರು (ಸರದಿ ಮೇಲೆ ಬಿಟ್ಟು ಬಿಟ್ಟು ಕೊಡೋ ನೀರು) ಬಿಡ್ತಾರೋ ಇಲ್ವೋ ಗೊತ್ತಿಲ್ದೇ ಒಟ್ಲು (ಭತ್ತದ ಸಸಿಮಡಿ) ಹಾಕಿರೋರು. ಅನಿಶ್ಚಿತತೆ ಅಂದ್ರೆ ಏನು ಅಂತ ನಿಮಗಿಂತ ಚೆನ್ನಾಗಿ ಯಾವ ಮ್ಯಾನೇಜ್‌ಮೆಂಟ್ ಮೇಷ್ಟ್ರಿಗೂ ಗೊತ್ತಿರಲ್ಲ, ಆದ್ರೆ ಗದ್ದೆ ತೀರ್ಮಾನ ಒಂದೂ ಪುಸ್ತಕಕ್ಕೆ ಬಂದಿಲ್ಲ. ಅದೆಲ್ಲ ದೊಡ್ಡ ವಿಷಯ ಅಲ್ಲ ಅಂದ್ಕೊಂಡ್ರೇನೋ. ನನ್ನ ಕೇಳಿದ್ರೆ ಮೊದಲ ಅಧ್ಯಾಯಾನೇ ಅದಾಗ್ಬೇಕು.

ದುಡ್ಡಿನ ಮೊತ್ತ ಬರೆಯೋವಾಗ ಬರೀ 600 ರೂಪಾಯಿ ಅಂತ ಬರೀಬೇಡಿ, ಆಗಿನ ನಿಮ್ಮ ಸಂಬಳದ ಎಷ್ಟು ತಿಂಗಳದ್ದು, ಎಷ್ಟು ಮೂಟೆ ಭತ್ತದ್ದು ಅಂತ ಸೇರ್ಸಿ, ಈಗಿನ ಹುಡುಗ್ರಿಗೆ 600 ಅಂದ್ರೆ ಒಂದು ರಾತ್ರಿ ಊಟ.

ತಮ್ಮನ ವಿಷಯ ಬರೀಬಹುದಾ ಅಂದ್ರಿ. ಹೆಸರು ಬದಲಾಯಿಸೋದ್ರಿಂದ ಏನೂ ಉಪಯೋಗ ಇಲ್ಲ, ನಿಮಗಿರೋದು ಒಬ್ಬನೇ ತಮ್ಮ, ಊರಿಗೆಲ್ಲ ಗೊತ್ತು. ಕಾನೂನು ಕಡೆಯಿಂದ ಹೇಳೋದಾದ್ರೆ, ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, 2024ರ ಜುಲೈ 1ಕ್ಕಿಂತ ಮುಂಚೆ ಐಪಿಸಿ 499, 500 ಇತ್ತು. ನಿಜ ಇದ್ರೆ ಬರೀಬಹುದಲ್ವಾ ಅಂತ ಎಲ್ಲರೂ ಕೇಳ್ತಾರೆ, ಕ್ರಿಮಿನಲ್ ಮಾನನಷ್ಟದಲ್ಲಿ ನಿಜ ಆಗಿದ್ರೆ ಮಾತ್ರ ಸಾಲ್ದು, ಅದನ್ನ ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೆ ಅಂತಾನೂ ತೋರಿಸ್ಬೇಕಾಗುತ್ತೆ. ನಿಮ್ಮ ತಮ್ಮ ಕೋರ್ಟಿಗೆ ಹೋಗ್ತಾರೆ ಅಂತ ನಾನು ಹೇಳ್ತಿಲ್ಲ, ಹಬ್ಬಕ್ಕೆ ಬರೋದು ನಿಲ್ಲಿಸ್ತಾರೆ, ಅದು ಕೋರ್ಟಿಗಿಂತ ಕಷ್ಟ. ಆ ಅಧ್ಯಾಯದ ಪ್ರಿಂಟೌಟ್ ತಗೊಂಡು ನೀವೇ ಅವರ ಮನೆಗೆ ಹೋಗಿ, ಓದ್ಲಿ, ಅವರು ಹೇಳೋದನ್ನ ಅವರ ಮಾತಲ್ಲೇ ಒಂದು ಪುಟ ಸೇರ್ಸಿ. ಬೇಡ್ವೇ ಬೇಡ ಅಂದ್ರೆ ಟ್ರ್ಯಾಕ್ಟರ್ ಕಥೆ ಕೈಬಿಡಿ, ಗದ್ದೆ ಕಥೆ ಇದೆ. ಸೊಸೈಟೀಲಿ ಯಾರ್ಯಾರು ಸುಸ್ತಿ ಆಗಿದ್ರು, ಯಾರ ಮನೆ ಜಪ್ತಿ ಆಯ್ತು ಅನ್ನೋದನ್ನ ಮಾತ್ರ ಗುರುತು ಸಿಗೋ ಹಾಗೆ ಎಲ್ಲೂ ಬರೀಬೇಡಿ, ಅದು ನಿಮ್ಮ ಕಥೆ ಅಲ್ಲ, ಕೆಲಸದ ಮೇಲೆ ನಿಮ್ಮ ಕಿವಿಗೆ ಬಿದ್ದಿದ್ದು.

ಪ್ರಿಂಟಿಂಗ್ ಬಗ್ಗೆ. ಇಂಥ ಪುಸ್ತಕಕ್ಕೆ ಡೆಮಿ 1/8 ಸೈಜ್ (ಮಾಮೂಲಿ ಕಾದಂಬರಿ ಅಳತೆ), 120ರಿಂದ 160 ಪುಟ ಸಾಕು, ಮೇಲೆ ಹೋದ್ರೆ ನೆಂಟರೂ ಓದಲ್ಲ. ಒಂದು ದೊಡ್ಡ ಹಾಳೇಲಿ 16 ಪುಟ ಅಂತ (ಅದಕ್ಕೆ ಫಾರಂ ಅಂತಾರೆ) ಅಚ್ಚಾಗೋದ್ರಿಂದ ಒಟ್ಟು ಪುಟ 16ರ ಮಗ್ಗಿಗೆ ಹೊಂದೋ ಹಾಗೆ ನೋಡ್ಕೊಳ್ಳಿ. ಟೈಪ್ ಮಾಡ್ಸೋದನ್ನ ಮೊದಲಿಂದಾನೇ ಯೂನಿಕೋಡಲ್ಲಿ ಮಾಡ್ಸಿ, ಹಳೇ ನುಡಿ ಫಾಂಟಲ್ಲಿ ಮಾಡ್ಸಿ ಆಮೇಲೆ ಕನ್ವರ್ಟ್ ಮಾಡಿದ್ರೆ ಅರ್ಕಾವತ್ತು, ಒತ್ತಕ್ಷರ ಎಲ್ಲಾ ಕೆಟ್ಟು ಪ್ರೂಫ್ ನೋಡೋರ ಪ್ರಾಣ ಹೋಗುತ್ತೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ) ನಂಬರ್ ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿಯಿಂದ ಫ್ರೀಯಾಗಿ ಸಿಗುತ್ತೆ, ಲೇಖಕರೇ ಆನ್‌ಲೈನಲ್ಲಿ ಅರ್ಜಿ ಹಾಕ್ಬಹುದು, ಅದಕ್ಕೇ ಅಂತ ಯಾರಾದ್ರೂ ಸಾವಿರಗಟ್ಟಲೆ ಕೇಳಿದ್ರೆ ಅದು ಅವರ ಓಡಾಟದ ಚಾರ್ಜು ಅಂತ ತಿಳ್ಕೊಳ್ಳಿ. ಕಾಪಿರೈಟ್ ನೀವು ಬರೆದ ಕ್ಷಣದಿಂದ್ಲೇ ನಿಮ್ಮದು, 1957ರ ಕಾಯ್ದೆ ಪ್ರಕಾರ ನಿಮ್ಮ ಕಾಲಾನಂತರ 60 ವರ್ಷ ಮಕ್ಕಳಿಗೆ, ರಿಜಿಸ್ಟರ್ ಮಾಡ್ಸಲೇಬೇಕು ಅಂತೇನಿಲ್ಲ. ಪ್ರಕಾಶಕರ ಜೊತೆ ಒಪ್ಪಂದ ಮಾಡ್ಕೊಂಡ್ರೆ ಹಕ್ಕು ಎಷ್ಟು ವರ್ಷಕ್ಕೆ ಅಂತ ಬರ್ಸಿ, ಬರ್ಸದಿದ್ರೆ ಕಾನೂನು ಅದನ್ನ ಐದು ವರ್ಷ ಅಂತ ತಗೊಳ್ಳುತ್ತೆ. ಮುನ್ನುಡಿಗೆ ಅಂತ ನಾಕು ಜನ ಗಣ್ಯರ ಮನೆ ಬಾಗಿಲು ಕಾಯ್ಬೇಡಿ, ಆರಾರು ತಿಂಗಳು ಕೂತು ಕಾದು ಕೊನೆಗೆ ಸಿಗೋದು "ಇದೊಂದು ಉಪಯುಕ್ತ ಕೃತಿ" ಅನ್ನೋ ಅರ್ಧ ಪುಟ. ಈಗಿನ ಶೀರ್ಷಿಕೆ ಬೇಡ, ಅದನ್ನ ನೋಡಿದ್ರೆ ಬಸ್‌ಸ್ಟ್ಯಾಂಡಲ್ಲಿ ಮಾರೋ ಪುಸ್ತಕ ಅನ್ನಿಸುತ್ತೆ, ಕರಡು ಪೂರ್ತಿ ಆದ್ಮೇಲೆ ಒಳಗಿಂದಾನೇ ಒಂದು ಹೆಸರು ಸಿಗುತ್ತೆ ಬಿಡಿ.

ಮೊದಲ ಸಲಕ್ಕೆ 200 ಕಾಪಿ ಮೇಲೆ ಹಾಕಿಸ್ಬೇಡಿ, 1000 ಹಾಕಿಸಿದ್ರೆ ರೇಟ್ ಕಮ್ಮಿ ಬೀಳುತ್ತೆ ಅಂತ ಪ್ರೆಸ್ಸಿನವರು ಹೇಳೇ ಹೇಳ್ತಾರೆ, 800 ನಿಮ್ಮ ಅಟ್ಟದ ಮೇಲೆ ಇರುತ್ತೆ. ಡಿಜಿಟಲ್ ಪ್ರಿಂಟಿಂಗಲ್ಲಿ ಬೇಕಾದಾಗ 50, 100 ಅಂತ ಮತ್ತೆ ಹಾಕಿಸ್ಬಹುದು. ಡಿಟಿಪಿ (ಕಂಪ್ಯೂಟರಲ್ಲಿ ಪುಟ ಜೋಡಣೆ) ಮಾಡಿದೋರ ಹತ್ರ ಕೆಲಸ ಮುಗಿದ ದಿನಾನೇ ಪಿಡಿಎಫ್ ಮತ್ತೆ ಓಪನ್ ಫೈಲ್ (ತಿದ್ದೋಕೆ ಬರೋ ಫೈಲ್) ಎರಡನ್ನೂ ಪೆನ್‌ಡ್ರೈವಲ್ಲಿ ಇಸ್ಕೊಂಡೇ ದುಡ್ಡು ಕೊಡಿ, ಆಮೇಲೆ ಕೇಳಿದ್ರೆ ಸಿಸ್ಟಂ ಫಾರ್ಮ್ಯಾಟ್ ಆಯ್ತು ಸಾರ್ ಅಂತಾರೆ.